ವರ್ಷಕ್ಕೊಂದೇ ದಿನ ಅಲ್ವಾ ಅಂಕಲ್

ನಿನ್ನೆ ರಾತ್ರಿ 11 ಗಂಟೆ 40 ನಿಮಿಷ. ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಟಕಟ ಅನ್ನುತ್ತಿವೆ. ಭೂಕಂಪ ಅಲ್ಲ, ನಮ್ಮ ರಸ್ತೆಯ ರಾಜ್ಯೋತ್ಸವ. ನವೆಂಬರ್ ಮುಗಿದು ಮೂರು ವಾರ ಆಯ್ತಲ್ಲ ಅಂತ ಕೇಳಬೇಡಿ. ನಮ್ಮ ಕಡೆ ಕನ್ನಡಮ್ಮನ ಹಬ್ಬ ಡಿಜೆಯವನು ಬಿಡುವಾಗಿ ಸಿಕ್ಕ ದಿನ ಬರುತ್ತೆ. ಸಂಜೆ ಬಾವುಟ ಏರಿಸುವಾಗ ಎರಡು ಕನ್ನಡ ಹಾಡು ಹಾಕಿದರು. ಹತ್ತರ ಮೇಲೆ ಪೂರ್ತಿ ತೆಲುಗು, ಹಿಂದಿ ಐಟಂ ಸಾಂಗು. ಅದರ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ, ಇವತ್ತು ಅಷ್ಟು ಶಕ್ತಿ ಇಲ್ಲ.

ಅಮ್ಮನ ವಿಷಯ ನಿಮಗೆ ಗೊತ್ತೇ ಇದೆ. 81 ವರ್ಷ, ಎರಡು ಸ್ಟೆಂಟು. ಕಿವಿ ಮಿಷನ್ ತೆಗೆದಿಟ್ಟು ಮಲಗಿದ್ದರು. ಇವತ್ತಾದರೂ ಕಿವಿ ಕೇಳಿಸದೇ ಇರೋದು ಉಪಯೋಗಕ್ಕೆ ಬಂತು ಅಂತ ಮನಸ್ಸಲ್ಲೇ ಅಂದುಕೊಂಡೆ. ಹತ್ತೇ ನಿಮಿಷಕ್ಕೆ ಎದ್ದು ಕೂತರು. "ಹಾಡು ಕೇಳಿಸ್ತಿಲ್ಲ ಕಣೋ, ಎದೆ ಒಳಗೆ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗಾಗ್ತಿದೆ" ಅಂದರು. ಬೇಸ್ ಅನ್ನೋದು ಹಾಗೇ. ಕಿವಿ ಮುಚ್ಚಿಕೊಂಡರೆ ನಿಲ್ಲಲ್ಲ, ಗೋಡೆ ದಾಟಿ ಮಂಚದ ಕಾಲು ಹತ್ತಿ ಬರುತ್ತೆ.

ಮೊಬೈಲಿನಲ್ಲಿ ಸದ್ದು ಅಳೆಯೋ ಆ್ಯಪ್ ಹಾಕಿಕೊಂಡಿದ್ದೇನೆ (ನಗಬೇಡಿ, ರಿಟೈರ್ ಆದವರಿಗೆ ಇವೇ ಕೆಲಸ). ನಮ್ಮ ಬೆಡ್‌ರೂಮಿನಲ್ಲಿ, ಕಿಟಕಿ ಹಾಕಿದ ಮೇಲೆ, 88 ಡೆಸಿಬಲ್ ತೋರಿಸಿತು. ಆ್ಯಪ್ ಐದಾರು ಆಚೆ ಈಚೆ ಇರಬಹುದು, ಇರಲಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಮನೆಗಳಿರುವ ಜಾಗದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಇರಬೇಕಾದದ್ದು 45. ಹಗಲಿಗೇ 55. 88ರಲ್ಲಿ 45 ಕಳೆದರೆ 43, ಅಷ್ಟೇ ಅಲ್ವಾ ಅಂದುಕೊಳ್ಳಬೇಡಿ. ಡೆಸಿಬಲ್ ಲೆಕ್ಕ ಬೇರೆ, ಪ್ರತಿ 10 ಏರಿದಾಗಲೂ ಸದ್ದಿನ ಶಕ್ತಿ ಹತ್ತು ಪಟ್ಟು ಆಗುತ್ತೆ. 43 ಅಂದರೆ ಹತ್ತಿರ ಹತ್ತಿರ ಇಪ್ಪತ್ತು ಸಾವಿರ ಪಟ್ಟು.

ಸರಿ, 112ಕ್ಕೆ ಫೋನ್ ಮಾಡಿದೆ. ಮರ್ಯಾದೆಯಿಂದಲೇ ಕೇಳಿಸಿಕೊಂಡರು. ಇಪ್ಪತ್ತು ನಿಮಿಷಕ್ಕೆ ಪೊಲೀಸ್ ಗಾಡಿಯೂ ಬಂತು. ಆಮೇಲೆ ನಡೆದದ್ದು ಕೇಳಿ. ಗಾಡಿಯವರು ನನಗೇ ಫೋನ್ ಮಾಡಿ, "ಸಾರ್, ಸ್ವಲ್ಪ ಕೆಳಗೆ ಬನ್ನಿ" ಅಂದರು. ಪಂಚೆ, ಬನಿಯನ್‌ನಲ್ಲೇ ಇಳಿದೆ. ನಲವತ್ತು ಹುಡುಗರ ಎದುರಿಗೆ ನನ್ನನ್ನು ತೋರಿಸಿ, "ನೋಡ್ರಪ್ಪ, ಇವರೇ ಫೋನ್ ಮಾಡಿದ್ದು, ವಯಸ್ಸಾದವರು, ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ" ಅಂದು ಹೊರಟುಹೋದರು. ಕಮ್ಮಿ ಆಯ್ತು, ಒಂದು ಹಾಡಿನಷ್ಟು ಹೊತ್ತು. ಆಮೇಲೆ ಮೈಕಿನಲ್ಲಿ ಒಬ್ಬ, "ಮುಂದಿನ ಹಾಡು ನಮ್ಮ ರಸ್ತೆಯ ಹಿರಿಯರಿಗೋಸ್ಕರ" ಅಂದ. ಶಿಳ್ಳೆ ಬಿತ್ತು. ಆ್ಯಪ್ ನೋಡಲಿಲ್ಲ.

ನನಗೆ ಸಿಟ್ಟು ಬಂದಿರೋದು ಹುಡುಗರ ಮೇಲಲ್ಲ. ಅಲ್ಲ, ಅವರ ಮೇಲೂ ಬಂದಿದೆ, ಆದರೆ ಜಾಸ್ತಿ ಬಂದಿರೋದು ಈ ವ್ಯವಸ್ಥೆ ಮೇಲೆ. ಧ್ವನಿವರ್ಧಕ ಹಾಕಬೇಕಾದರೆ ಬರವಣಿಗೆಯಲ್ಲಿ ಅನುಮತಿ ತಗೋಬೇಕು ಅಂತ ಅದೇ ನಿಯಮದಲ್ಲಿದೆ. ಅನುಮತಿ ಕೊಟ್ಟಿದ್ದರೆ ಯಾರು, ಎಲ್ಲಿ, ಎಷ್ಟು ಗಂಟೆವರೆಗೆ ಅನ್ನೋದೆಲ್ಲ ಕಾಗದದಲ್ಲಿ ಅವರ ಹತ್ತಿರವೇ ಇದೆ. ಕೊಟ್ಟಿಲ್ಲ ಅಂದರೆ ಸಂಜೆ ಏಳಕ್ಕೇ ವೈರು ಕಿತ್ತು ಹಾಕಬಹುದಿತ್ತು. ಎರಡರಲ್ಲಿ ಯಾವುದಾದರೂ ಹತ್ತು ಗಂಟೆಗೆ ಬಂದು ನಿಲ್ಲಿಸೋಕೆ ನನ್ನ ಫೋನ್ ಯಾಕೆ ಬೇಕು? ನಾನು ಯಾಕೆ ಬನಿಯನ್‌ನಲ್ಲಿ ರಸ್ತೆಗೆ ಬಂದು ನಿಲ್ಲಬೇಕು? ನಾಳೆಯೂ ಇದೇ ರಸ್ತೆಯಲ್ಲಿ ಹಾಲು ತರೋಕೆ ಹೋಗಬೇಕಾದವನು ನಾನು, ಗಾಡಿಯವರಲ್ಲ.

2005ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ, ನಿನಗೆ ಮಾತಾಡೋ ಹಕ್ಕಿದ್ದ ಹಾಗೆ ಇನ್ನೊಬ್ಬನಿಗೆ ಕೇಳದೇ ಇರೋ ಹಕ್ಕೂ ಇದೆ ಅಂತ. ಎಷ್ಟು ಚೆನ್ನಾಗಿದೆ ನೋಡಿ. ಆದರೆ ಆ ಹಕ್ಕು ಬೇಕು ಅಂದರೆ ಮೊದಲು ರಸ್ತೆಯವರನ್ನೆಲ್ಲ ಎದುರು ಹಾಕಿಕೊಳ್ಳಬೇಕು.

"ವರ್ಷಕ್ಕೊಂದೇ ದಿನ ಅಲ್ವಾ ಅಂಕಲ್, ಅಡ್ಜಸ್ಟ್ ಮಾಡ್ಕೊಳ್ಳಿ." ಈ ಮಾತು ಕೇಳಿ ಕೇಳಿ ಸಾಕಾಗಿದೆ. ಯಾರ ಒಂದು ದಿನ? ಮೇಲಿನ ಕ್ರಾಸ್ ಗಣಪತಿಗೆ ಒಂದು ದಿನ, ಕೆಳಗಿನ ಕ್ರಾಸ್ ಗಣಪತಿಗೆ ಒಂದು ದಿನ, ಅವರಿಬ್ಬರ ಜಗಳಕ್ಕೆ ಹುಟ್ಟಿದ ಮೂರನೇ ಗಣಪತಿಗೆ ಒಂದು ದಿನ. ಅಮ್ಮನವರ ಉತ್ಸವ, ಅದರ ಆರ್ಕೆಸ್ಟ್ರಾ. ಲೀಡರ್ ಹುಟ್ಟುಹಬ್ಬ. ಹುಟ್ಟುಹಬ್ಬ ಅಂದರೆ ಈಗ ರಾತ್ರಿ ಹನ್ನೆರಡಕ್ಕೆ ನಡುರಸ್ತೆಯಲ್ಲಿ ಬೈಕಿನ ಸೀಟಿನ ಮೇಲೆ ಕೇಕ್ ಕತ್ತರಿಸಬೇಕಂತೆ, ಸೈಲೆನ್ಸರ್ ಕಿತ್ತ ನಾಲ್ಕು ಬೈಕು ಸುತ್ತ ನಿಂತು ಆರತಿ ಎತ್ತಬೇಕಂತೆ. ಹೊಸ ವರ್ಷ, ಕ್ರಿಕೆಟ್ಟು, ಪಕ್ಕದ ಕಲ್ಯಾಣ ಮಂಟಪದ ರಿಸೆಪ್ಶನ್ನು. ಪಾಪ, ಪ್ರತಿಯೊಬ್ಬರದ್ದೂ ಒಂದೇ ದಿನ! ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಹಬ್ಬಕ್ಕೆ ರಿಯಾಯಿತಿ ಕೊಡೋಕೆ ನಿಯಮದಲ್ಲಿ ಅವಕಾಶ ಇದೆ, ಅದನ್ನು ಸರ್ಕಾರ ಕೊಡಬೇಕು, ಅದೂ ವರ್ಷಕ್ಕೆ 15 ದಿನ ಮೀರೋ ಹಾಗಿಲ್ಲ. ನಮ್ಮ ರಸ್ತೆಯ 15 ದಿನ ಸೆಪ್ಟೆಂಬರ್‌ಗೇ ಮುಗಿದಿರುತ್ತೆ.

ಈಗ ಕಾಮೆಂಟಿನಲ್ಲಿ ಬರೋದು ಗೊತ್ತು. "ಮಸೀದಿ ಮೈಕಿನ ಬಗ್ಗೆ ಬರೆಯೋಕೆ ಧೈರ್ಯ ಇದೆಯಾ ಸಾರ್?" ಇದೆ ಮಾರಾಯ್ರೇ. ಬೆಳಿಗ್ಗೆ ಆರಕ್ಕೆ ಮುಂಚೆ ಯಾರು ಹಾಕಿದರೂ ತಪ್ಪೇ, ನಿಯಮದಲ್ಲಿ ದೇವರ ಹೆಸರಿಲ್ಲ, ಗಡಿಯಾರ ಮಾತ್ರ ಇದೆ. ಆಯ್ತಾ? ಈಗ ಡಿಜೆ ವಿಷಯಕ್ಕೆ ವಾಪಸ್ ಬನ್ನಿ.

ಇನ್ನೊಂದು ಮಾತಿಗೆ ಮಾತ್ರ ಸ್ವಲ್ಪ ತೂಕ ಇದೆ. ಹತ್ತಕ್ಕೆ ಎಲ್ಲ ನಿಲ್ಲಿಸಿದರೆ ನಮ್ಮ ಕಲೆಗಳ ಗತಿ ಏನು ಅನ್ನೋದು. ನನ್ನ ಹೆಂಡತಿ ಮೂಲ್ಕಿ ಕಡೆಯವಳು, ಬೆಳಗಿನವರೆಗೆ ಯಕ್ಷಗಾನದ ಆಟ ನೋಡಿ ಬೆಳೆದವಳು. 2022ರಲ್ಲಿ ಇದೇ ನಿಯಮದ ಕಾರಣಕ್ಕೆ ಕಟೀಲು ದೇವಸ್ಥಾನದ ಮೇಳದ ಯಕ್ಷಗಾನ ಇಡೀ ರಾತ್ರಿ ಬಿಟ್ಟು ಕಾಲಮಿತಿಗೆ ಬಂದಾಗ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಆಮೇಲೆ ಅದು ಕೋರ್ಟಿಗೂ ಹೋಯಿತು. ನೋಡಿ, ತಲೆತಲಾಂತರದ ಆಟದವರು ನಿಯಮ ಅಂದ ಕೂಡಲೇ ಹತ್ತೂವರೆಗೆ ಮಂಗಳ ಹಾಡೋಕೆ ತಯಾರಾದರು. ಟೆಂಪೋ ಮೇಲೆ ಎಂಟು ಬಾಕ್ಸ್ ಕಟ್ಟಿಕೊಂಡು ಬಂದವನಿಗೆ ಮಾತ್ರ ಯಾವ ಕಾಲಮಿತಿಯೂ ಇಲ್ಲ. ಇದಕ್ಕೆ ಕಲೆ ಉಳಿಸೋದು ಅಂತ ಹೆಸರು ಬೇರೆ!

ಇಷ್ಟೆಲ್ಲ ಬರೆದ ಮೇಲೆ ಒಂದು ನಿಜ ಹೇಳಿಬಿಡುತ್ತೇನೆ, ಹಳೇ ಸ್ನೇಹಿತರು ಹೇಗೂ ಕಾಮೆಂಟಿನಲ್ಲಿ ಬಿಚ್ಚಿಡುತ್ತೀರಿ. ನಮ್ಮೂರಿನ ಗಣಪತಿ ಸಮಿತಿಗೆ ನಾನೇ ಸೆಕ್ರೆಟರಿ ಆಗಿದ್ದೆ. ಆಗ ಡಿಜೆ ಇರಲಿಲ್ಲ, ಮೈಕ್ ಸೆಟ್ಟು. ಲೈಟ್ ಕಂಬಕ್ಕೆ ಎರಡು ಹಾರ್ನ್ ಕಟ್ಟಿಸುತ್ತಿದ್ದೆವು. ಒಂದು ರಾತ್ರಿ ಹೆಡ್‌ಮಾಸ್ಟರು ಬಂದು, "ಮಗಳಿಗೆ ನಾಳೆ ಪರೀಕ್ಷೆ ಕಣ್ರಪ್ಪ" ಅಂದರು. ಅವರೂ ಪಂಚೆ, ಬನಿಯನ್‌ನಲ್ಲೇ ಬಂದಿದ್ದರು. ಆಗಲಿ ಸಾರ್ ಅಂದೆ. ಅವರು ತಿರುಗಿ ಹೋದ ಮೇಲೆ ಒಂದು ಹಾರ್ನನ್ನು ಅವರ ಮನೆ ಕಡೆಗೇ ತಿರುಗಿಸಿದೆವು. ತಿರುಗಿಸೋಕೆ ಕಂಬ ಹತ್ತಿದ್ದು ನಾನೇ. ಮಗಳು ಆ ಪರೀಕ್ಷೆ ಏನು ಮಾಡಿದಳೋ, ಕೇಳಲೇ ಇಲ್ಲ.

ಇವತ್ತು ಬೆಳಿಗ್ಗೆ ಎಂಟಕ್ಕೆ ನೀರಿನ ಕ್ಯಾನ್ ಹಾಕೋಕೆ ಹುಡುಗ ಬಂದ. ಧ್ವನಿ ಕೇಳಿದ ಕೂಡಲೇ ಗೊತ್ತಾಯ್ತು, ರಾತ್ರಿ ನನಗೆ ಹಾಡು ಅರ್ಪಿಸಿದವನು ಇವನೇ. ಕ್ಯಾನನ್ನು ಹೆಗಲ ಮೇಲಿಟ್ಟುಕೊಂಡು ಎರಡು ಮಹಡಿ ಹತ್ತಿ, ಸ್ಟ್ಯಾಂಡಿಗೆ ಏರಿಸಿ, "ಅಜ್ಜಿ ಹೇಗಿದಾರೆ ಅಂಕಲ್? ನಿದ್ದೆ ಬಂತಾ?" ಅಂದ. ವ್ಯಂಗ್ಯ ಇರಲಿಲ್ಲ, ನಿಜಕ್ಕೂ ಕೇಳುತ್ತಿದ್ದ. ಏನು ಹೇಳಬೇಕು ಅಂತ ಯೋಚಿಸುತ್ತಿರುವಾಗಲೇ ಜೇಬಿನಿಂದ ರಸೀದಿ ಪುಸ್ತಕ ತೆಗೆದ. ಶಿವರಾತ್ರಿ ಜಾಗರಣೆಗಂತೆ. ಆರ್ಕೆಸ್ಟ್ರಾ ಇದೆಯಂತೆ, ಬೆಳಗಿನವರೆಗೂ.

501 ಕೊಟ್ಟೆ. ಹೆಂಡತಿ ಇನ್ನೂ ಮಾತು ಬಿಟ್ಟಿದ್ದಾಳೆ.