ಹಳೆ ಕಮಿಟ್ ಬೇಡ ಅನ್ನಬೇಡಿ
ಕೋಡ್ ಬದಲಾವಣೆಗಳ ದಾಖಲೆ ಇಡುವ ಸಬ್‌ವರ್ಷನ್ (ಎಸ್‌ವಿಎನ್) ಸಾಫ್ಟ್‌ವೇರ್‌ನಿಂದ ಅದೇ ಕೆಲಸದ ಗಿಟ್‌ಗೆ ಹೋಗುವಾಗ ಹಳೆ ಕಮಿಟ್‌ಗಳು (ದಾಖಲಾದ ಬದಲಾವಣೆಗಳು) ಬೇಡ, ಕೊನೆಯ ಕೋಡ್ ಕಾಪಿ ಮಾಡಿದರೆ ಸಾಕು ಅಂತ ಬರೆದಿದ್ದೀರಿ. ನಾನು ಒಪ್ಪಲ್ಲ. ಕಲಬುರಗಿಯಲ್ಲಿ ತೊಗರಿ ವ್ಯಾಪಾರಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ನಾವೂ ಹಾಗೇ ಮಾಡಿದ್ದೆವು. ಆಮೇಲೆ ಒಂದಿನ ಚೀಲಕ್ಕೆ 600 ಗ್ರಾಂ ಕಳೆಯುವ ಸಾಲು ಕಣ್ಣಿಗೆ ಬಿತ್ತು. ಯಾರು ಬರೆದದ್ದು ಅಂತ ‘ಗಿಟ್ ಬ್ಲೇಮ್’ ಹಾಕಿದರೆ ಎಲ್ಲಾ ಸಾಲಿಗೂ ನನ್ನದೇ ಹೆಸರು, ಒಂದೇ ತಾರೀಖು! ಹಳೆ ಸರ್ವರ್ ಎಬ್ಬಿಸಿ ನೋಡಿದಾಗ ಗೊತ್ತಾಯ್ತು, ಅದು ಖಾಲಿ ಗೋಣಿಚೀಲದ ತೂಕ. ಸುಮ್ನೆ ಅಳಿಸಿದ್ದರೆ ಅಡತಿ ಅಂಗಡಿಯಲ್ಲಿ ಜಗಳವೇ ಆಗುತ್ತಿತ್ತು.

ಮತ್ತೆ ‘ಗಿಟ್ ಎಸ್‌ವಿಎನ್ ಕ್ಲೋನ್’ ಮಾಡಿದೆವು, ಅಂದರೆ ಎಸ್‌ವಿಎನ್‌ನ ಹಳೆ ಇತಿಹಾಸವನ್ನೂ ಗಿಟ್‌ಗೆ ತಂದೆವು. ಒಂದೊಂದೇ ರಿವಿಷನ್ (ಎಸ್‌ವಿಎನ್‌ನ ಕಮಿಟ್) ಎಳೆಯುತ್ತೆ, ನಿಧಾನ. ಎಸ್‌ವಿಎನ್‌ನಲ್ಲಿ ಬರೀ ಯೂಸರ್‌ನೇಮ್ ಇರುತ್ತೆ, ಅದಕ್ಕೆ ಹೆಸರು, ಇಮೇಲ್ ಜೋಡಿಸುವ ಆಥರ್ಸ್ ಫೈಲ್ ಮೊದಲೇ ಬರೆದಿಟ್ಟುಕೊಳ್ಳಿ. ಎರಡೂ ಕಡೆ ಸಿಂಕ್ ಮುಂದುವರಿಸುವುದಾದರೆ ಕಮಿಟ್‌ನಲ್ಲಿ ಎಸ್‌ವಿಎನ್ ಗುರುತು ಬರೆಯದೆ ಬಿಡುವ ‘ನೋ ಮೆಟಾಡೇಟಾ’ ಆಯ್ಕೆ ಮಾತ್ರ ಹಾಕಬೇಡಿ.