ತರಬೇತಿ ಬೇಕಿರುವುದು ಹುಳುವಿಗೆ

ಮುಂಗಾರಿನ ರೈತ ತರಬೇತಿಗಳು ಹೊತ್ತು ಮೀರಿದ ಮೇಲೆ ನಡೆಯುತ್ತವೆ ಎಂದು ಗೊಣಗುವವರಿಗೆ ಒಕ್ಕಲುತನವೂ ಗೊತ್ತಿಲ್ಲ, ಕಚೇರಿಯೂ ಗೊತ್ತಿಲ್ಲ. ತಪ್ಪೆಲ್ಲ ಬೆಳೆಯದ್ದು. ಹಾವೇರಿ, ದಾವಣಗೆರೆ ಕಡೆಯ ಮೆಕ್ಕೆಜೋಳವನ್ನೇ ನೋಡಿ. ಮೃಗಶಿರಾ ಮಳೆಗೆ ನೆಲ ಹದವಾಗಿ ಬೀಜ ಬಿತ್ತೆಂದರೆ ವಾರದೊಳಗೆ ಸಾಲು ಹಿಡಿದು ನಿಂತುಬಿಡುತ್ತದೆ. ಉದ್ಘಾಟಕರ ದಿನಾಂಕ ಸಿಕ್ಕಿತೇ, ಶಾಮಿಯಾನದ ಕೊಟೇಶನ್ ಬಂತೇ, ಬ್ಯಾನರಿನಲ್ಲಿ ಯಾರ ಫೋಟೊ ಎಷ್ಟು ದೊಡ್ಡದು ಎಂಬುದು ಇತ್ಯರ್ಥವಾಯಿತೇ, ಒಂದನ್ನೂ ವಿಚಾರಿಸುವುದಿಲ್ಲ.

ಕಳೆನಾಶಕದ ಪಾಠ ಏನೆನ್ನುತ್ತದೆ? ಅಟ್ರಾಜಿನ್ ಬಿತ್ತಿದ ಎರಡು ಮೂರು ದಿನದೊಳಗೆ ಬೀಳಬೇಕು, ಮಣ್ಣಲ್ಲಿ ಹಸಿ ಇರಬೇಕು. ಬೀಸಣಿಗೆಯಂತೆ ಹರಡಿ ಚಿಮ್ಮುವ ಫ್ಲ್ಯಾಟ್ ಫ್ಯಾನ್ ನಾಜಲ್ ಹಾಕಿ ಹಿಂದಕ್ಕೆ ನಡೆಯುತ್ತ ಸಿಂಪಡಿಸಬೇಕು. ಮುಂದಕ್ಕೆ ನಡೆದರೆ ಔಷಧದ ಪದರ ಕಾಲಡಿ ಒಡೆದು ಹೆಜ್ಜೆ ಹೆಜ್ಜೆಗೂ ಕಳೆ ಏಳುತ್ತದೆ. ಎಕರೆಗೆ 200 ಲೀಟರ್ ನೀರಾದರೂ ಬೇಕು, ಕ್ಯಾನು ಹೊರುವ ಬೇಸರಕ್ಕೆ ಕಡಿಮೆ ಮಾಡಿದರೆ ಹೊಲ ಪಟ್ಟೆ ಪಟ್ಟೆ. ಪಾಠ ಅಪ್ಪಟ ಸರಿ. ತರಬೇತಿ ನಡೆಯುವುದು ಮಾತ್ರ ಸಾಲಿನ ನಡುವಿನ ಕಳೆಗೆ ಎರಡು ಸಲ ಎಡೆಕುಂಟೆ ಹೊಡೆದು, ಪೈರು ಮೊಳಕಾಲು ದಾಟಿದ ಮೇಲೆ. ಆಗಲೂ ಹಿಂದಕ್ಕೆ ನಡೆಯುವ ವಿದ್ಯೆ ವ್ಯರ್ಥವಲ್ಲ. ಸ್ವಾಗತ ಭಾಷಣದ ನಡುವೆ ಸಭೆಯಿಂದ ಜಾರಿಕೊಳ್ಳಲು ಒದಗುತ್ತದೆ.

ಇನ್ನು ಮೆಕ್ಕೆಜೋಳ ತಿನ್ನುವ ಫಾಲ್ ಸೈನಿಕ ಹುಳು. 2018ರಲ್ಲಿ ಶಿವಮೊಗ್ಗದಲ್ಲಿ ದೇಶಕ್ಕೇ ಮೊದಲು ಕಾಣಿಸಿಕೊಂಡ ಪ್ರಾಣಿ, ಇಷ್ಟು ವರ್ಷವಾದರೂ ಒಂದು ಸುತ್ತೋಲೆ ಓದಿಲ್ಲ. ಮೊಟ್ಟೆ ಎರಡು ಮೂರು ದಿನಕ್ಕೆ ಒಡೆಯುತ್ತದೆ. ಮರಿ ಎಲೆಯ ಹಸಿರು ಕೆರೆದು ಬಿಳಿ ಕಿಂಡಿ ಮಾಡುವಾಗಲೇ ಎಮಾಮೆಕ್ಟಿನ್ ಬೆಂಜೊಯೇಟ್ ಎಂಬ ಕೀಟನಾಶಕದ ಶೇ. 5 ಎಸ್‌.ಜಿ. (ನೀರಲ್ಲಿ ಕರಗುವ ಹರಳು) ಲೀಟರ್ ನೀರಿಗೆ 0.4 ಗ್ರಾಂ, ಅಂದರೆ 16 ಲೀಟರಿನ ಕ್ಯಾನಿಗೆ ಆರೂವರೆ ಗ್ರಾಂ ಹತ್ತಿರ, ಸುಳಿಯೊಳಗೇ ಬೀಳುವಂತೆ ಹೊಡೆಯಬೇಕು. ಹೊತ್ತು ಬೆಳಗಿನದು ಇಲ್ಲವೇ ಸಂಜೆಯದು. ಹುಳುವಿಗೆ ಆರು ಹಂತ. ನಾಲ್ಕಕ್ಕೆ ಬಂದದ್ದು ಸುಳಿಯ ಆಳಕ್ಕಿಳಿದು ತನ್ನ ಹಿಕ್ಕೆಯಿಂದಲೇ ಬಾಗಿಲು ಜಡಿದುಕೊಳ್ಳುತ್ತದೆ, ಮೇಲಿನ ಔಷಧ ಒಳಗೆ ಹೋಗದು. ತರಬೇತಿಯ ಕಡತಕ್ಕೂ ಆರೇ ಹಂತ: ಟಿಪ್ಪಣಿ, ಅಂದಾಜು, ಆಕ್ಷೇಪಣೆ, ಮರುಟಿಪ್ಪಣಿ, ಮಂಜೂರಾತಿ, ಶಾಮಿಯಾನ. ಹುಳು ತನ್ನ ಆರನ್ನು ಎರಡು ಮೂರು ವಾರದಲ್ಲಿ ಮುಗಿಸಿ ಕೋಶವಾಗಲು ಮಣ್ಣಿಗಿಳಿಯುವಾಗ ಕಡತ ಆಕ್ಷೇಪಣೆಗೆ ಉತ್ತರ ಬರೆಯುತ್ತಿರುತ್ತದೆ.

ದೊಡ್ಡ ಹುಳುವಿಗೆ ಉಳಿಯುವುದು ವಿಷ ಪಾಷಾಣ, ಅಂದರೆ ತಿಂದು ಸಾಯಲೆಂದು ಇಡುವ ವಿಷದ ತಿನಿಸು. ಹತ್ತು ಕೆಜಿ ಅಕ್ಕಿ ತೌಡು, ಎರಡು ಕೆಜಿ ಬೆಲ್ಲ, ಎರಡು ಮೂರು ಲೀಟರ್ ನೀರು ಕಲಸಿ 24 ಗಂಟೆ ಹುಳಿಯಲು ಬಿಡಬೇಕು. ಹಾಕುವ ಅರ್ಧ ಗಂಟೆ ಮುಂಚೆ 100 ಗ್ರಾಂ ಥಯೋಡಿಕಾರ್ಬ್ ಕೀಟನಾಶಕ ಬೆರೆಸಿ, ಕೈಗವಸು ತೊಟ್ಟು ಸುಳಿಗೆ ಉದುರಿಸಬೇಕು. ದನ ಹತ್ತಿರ ಸುಳಿಯಬಾರದು. ಇದರಲ್ಲಿ ಹುಳಿಯಲು ಬಿಡುವ ಹಂತವೊಂದರಲ್ಲಿ ಮಾತ್ರ ಕಚೇರಿಗಳ ಅನುಭವ ಅಪಾರ.

ಹಾಗಂತ ಅಲ್ಲಿ ಕಾಲಜ್ಞಾನವೇ ಇಲ್ಲ ಎನ್ನಬೇಡಿ. ಇಪ್ಪತ್ತೇಳು ನಕ್ಷತ್ರಗಳ ಆಚೆಗೆ ಮಾರ್ಚ್ ಎಂಬ ಇಪ್ಪತ್ತೆಂಟನೆಯದೊಂದಿದೆ. ರೋಹಿಣಿ ಕೈಕೊಟ್ಟೀತು, ಆರಿದ್ರಾ ಕೈಕೊಟ್ಟೀತು, ಮಾರ್ಚ್ 31ರ ಮಳೆ ತಪ್ಪಿದ್ದಿಲ್ಲ. ಉಳಿದ ಅನುದಾನವೆಲ್ಲ ಆ ವಾರವೇ ಸುರಿಯಬೇಕು. ಹೊಲದಲ್ಲಿ ಬರೀ ಕೂಳೆ, ವೇದಿಕೆಯಲ್ಲಿ "ಮುಂಗಾರು ಬೆಳೆಗಳ ಸಮಗ್ರ ಕೀಟ ನಿರ್ವಹಣೆ". ಒಂದು ಚೀಲ, ಒಂದು ಪೆನ್ನು, ಉಪ್ಪಿಟ್ಟು.

ಆದ್ದರಿಂದ ಬರುವ ಸಾಲಿನಿಂದ ತರಬೇತಿಯನ್ನು ನೇರ ಹುಳುಗಳಿಗೇ ಕೊಡುವುದು ಲೇಸು. ಮಂಜೂರಾತಿ ಬರುವವರೆಗೆ ಮೂರನೇ ಹಂತ ದಾಟದಿರುವುದು ಹೇಗೆ ಎಂಬುದೇ ವಿಷಯ. ಉಪ್ಪಿಟ್ಟಿನ ಖರ್ಚಿಲ್ಲ, ಊಟ ಅವು ಹೊಲದಲ್ಲೇ ಮುಗಿಸಿ ಬರುತ್ತವೆ. ಹುಳುವಿಗೆ ಹದಿನಾರು ಕಾಲು. ಹಾಜರಿ ಪುಸ್ತಕದಲ್ಲಿ ಒಂದೊಂದೂ ಹದಿನಾರು ಸಹಿ ಹಾಕಬಲ್ಲದು, ವಾರ್ಷಿಕ ಗುರಿ ಮಧ್ಯಾಹ್ನದೊಳಗೆ ಮುಟ್ಟುತ್ತದೆ.