ಯಾವ ಬೆಳೆ, ಯಾವ ಜೀನ್ ಎಂದು ಕೇಳಬಾರದೇ?

ನಿನ್ನೆ ಗೋಣಿಕೊಪ್ಪದಲ್ಲಿ ನಡೆದ ಬೆಳೆಗಾರರ ಸಭೆಯಿಂದ ಹೊತ್ತು ತಂದ ಸಿಟ್ಟು ಇನ್ನೂ ಇಳಿದಿಲ್ಲ. ಕುಲಾಂತರಿ ಬೆಳೆಗಳ ಬಗ್ಗೆ ಚರ್ಚೆ ಎಂದು ಕರೆದಿದ್ದರು. ಮೊದಲು ಮಾತನಾಡಿದವರು ಕುಲಾಂತರಿ ಎಂದರೆ ವಿಷ ಎಂದು ಕುಳಿತರು. ಎರಡನೆಯವರು, ನಮ್ಮ ತೋಟದ ಸಿಎಕ್ಸ್‌ಆರ್ ಕಾಫಿಯೂ ಕುಲಾಂತರಿಯೇ, ಕುಡಿದವರು ಯಾರಾದರೂ ಸತ್ತರೇ ಎಂದು ಕೇಳಿ ಚಪ್ಪಾಳೆ ಗಿಟ್ಟಿಸಿದರು. ಸಿಎಕ್ಸ್‌ಆರ್ ಎಂಬುದು ಕಾಂಜೆನ್ಸಿಸ್ ಮತ್ತು ರೊಬಸ್ಟಾ ಎಂಬ ಎರಡು ಕಾಫಿ ಜಾತಿಗಳ ಸಂಕರ ತಳಿ. ಪ್ರಯೋಗಾಲಯದಲ್ಲಿ ಬೇರೆ ಜೀವಿಯ ಜೀನ್ ಸೇರಿಸಿದ್ದಲ್ಲ. ಇಷ್ಟನ್ನು ತಿದ್ದುವವರೂ ವೇದಿಕೆಯ ಮೇಲೆ ಇರಲಿಲ್ಲ.

ಯಾವ ಬೆಳೆ ಎಂದು ಯಾರೂ ಕೇಳುವುದಿಲ್ಲ ಎಂಬುದೇ ನನ್ನ ತಕರಾರು. 2002ರಲ್ಲಿ ಬಂದ ಬಿಟಿ ಹತ್ತಿಯಲ್ಲಿರುವುದು ಕಾಯಿಕೊರಕವನ್ನು ಕೊಲ್ಲುವ, ಮಣ್ಣಿನ ಬ್ಯಾಕ್ಟೀರಿಯಾದಿಂದ ತೆಗೆದ ಜೀನ್. ಮೊದಲ ವರ್ಷಗಳಲ್ಲಿ ಸಿಂಪಡಣೆ ತಗ್ಗಿದ್ದೂ ನಿಜ, ಮುಂದೆ ಗುಲಾಬಿ ಕಾಯಿಕೊರಕ ಅದನ್ನು ಅರಗಿಸಿಕೊಂಡದ್ದೂ ನಿಜ. ಕುಲಾಂತರಿ ಸಾಸಿವೆಯ ಕಥೆಯೇ ಬೇರೆ: ಅದು ಹುಳುವಿಗಾಗಿ ಅಲ್ಲ, ಹೈಬ್ರಿಡ್ ಬೀಜ ಮಾಡುವುದಕ್ಕಾಗಿ; ಜೊತೆಗೆ ಒಂದು ಕಳೆನಾಶಕವನ್ನು ತಾಳಿಕೊಳ್ಳುವ ಜೀನ್ ಇರುವುದರಿಂದ ಅಲ್ಲಿನ ಜಗಳವೂ ಬೇರೆ. 2024ರ ಜುಲೈನಲ್ಲಿ ಅದರ ಮೇಲೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರೂ, ಎಲ್ಲರನ್ನೂ ಕೇಳಿ ರಾಷ್ಟ್ರೀಯ ನೀತಿ ರೂಪಿಸಬೇಕೆಂಬುದರಲ್ಲಿ ಒಂದಾಗಿದ್ದರು. ಕೇಳುವುದು ಎಂದರೆ ನಿನ್ನೆಯ ಸಭೆಯಂಥದ್ದೇ ಆದರೆ ಆ ನೀತಿಗೆ ನನ್ನ ನಮಸ್ಕಾರ.

ನಾನೇನು ಸಾಚಾ ಅಲ್ಲ. 2010ರಲ್ಲಿ ಬಿಟಿ ಬದನೆಗೆ ತಡೆ ಬೀಳುವ ಮುನ್ನ ವಿರೋಧದ ಮನವಿಯೊಂದಕ್ಕೆ ಒಂದು ಸಾಲನ್ನೂ ಓದದೆ ಸಹಿ ಹಾಕಿದ್ದೆ. ಓದಿದ್ದರೂ ಬಹುಶಃ ಹಾಕುತ್ತಿದ್ದೆ. ಓದಲಿಲ್ಲವಲ್ಲ ಎಂಬುದೇ ನಾಚಿಕೆ.

ಇಷ್ಟು ಸೂಕ್ಷ್ಮ ರೈತರಿಗೆ ತಿಳಿಯುವುದಿಲ್ಲ ಎನ್ನುವವರಿದ್ದಾರೆ. ಬೆಳಗಾಗೆದ್ದು ಹಲ್ಲುಜ್ಜುವ ಮೊದಲೇ ಲಂಡನ್ ಮಾರುಕಟ್ಟೆಯ ರೊಬಸ್ಟಾ ದರ ನೋಡುವವರಿಗೆ ಒಂದು ಜೀನ್ ಏನು ಮಾಡುತ್ತದೆಂಬುದು ತಿಳಿಯುವುದಿಲ್ಲವಂತೆ!

ಕಳೆದ ವಾರ ಕಾಂಡ ಕೊರೆಯುವ ಬೋರರ್ ಹುಳು ಬಿದ್ದ ಮೂರು ಅರೇಬಿಕಾ ಕಾಫಿ ಗಿಡ ಕಿತ್ತು ಸುಟ್ಟೆ. ಕಾಂಡದ ಸಿಪ್ಪೆಯ ಮೇಲೆ ಉಬ್ಬಿದ ಗೆರೆ. ಸೀಳಿದರೆ ಸುರಂಗದ ತುಂಬ ಗಟ್ಟಿಯಾಗಿ ತುರುಕಿದ ಮರದ ಪುಡಿ. ಈ ಹುಳುವನ್ನು ತಡೆಯುವ ಕುಲಾಂತರಿ ಅರೇಬಿಕಾವನ್ನು ನಾಳೆ ಯಾರಾದರೂ ತಂದರೆ ಬೇಡವೆನ್ನುವಷ್ಟು ಧೈರ್ಯ ಆ ಹೊತ್ತಿನಲ್ಲಿ ನನಗಿರಲಿಲ್ಲ. ಆದರೆ ಸಸಿಯ ಒಡೆತನ ಯಾರದು, ಹೊರದೇಶದವರು ಆ ಕಾಫಿಯನ್ನು ಕೊಳ್ಳುವರೇ ಎಂದು ಕೇಳದೆ ನೆಡಲಾರೆ. ಅರೇಬಿಕಾ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು, ಸೇರಿಸಿದ ಜೀನನ್ನು ಹೊತ್ತ ಪರಾಗ ಬೇಲಿ ನೋಡಿ ನಿಲ್ಲುವುದಿಲ್ಲ. ಹಾಗಿರುವಾಗ ಕಾಫಿ ಎಂಬ ಒಂದೇ ಬೆಳೆಯೊಳಗೂ ಎರಡು ಬೇರೆ ಚರ್ಚೆಗಳು ಬೇಕಲ್ಲವೇ?

ಇದನ್ನೇ ಕೇಳಲು ಎದ್ದು ನಿಂತೆ. ಮೈಕ್ ಹಿಡಿದಿದ್ದವರು ಕೈಗಡಿಯಾರ ನೋಡಿ, ಊಟ ಆರುತ್ತಿದೆ ಎಂದು ವಂದನಾರ್ಪಣೆಗೆ ಕರೆದರು.